ಮನಸ್ಸು ಶುದ್ಧವಿದ್ದರೆ ಸಾಕೇ?

'ಮನಸ್ಸು ಶುದ್ಧವಿದ್ದರೆ ಯಾವ ಕಸುಬೂ ಸರಿಯೇ, ಹಿಂದೂ ಚಿಂತನೆಯೂ ಬುದ್ಧನೂ ಹೇಳುವುದು ಇದನ್ನೇ' ಅಂತ ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಬುದ್ಧನ ಮಟ್ಟಿಗೆ ಇದು ಅರ್ಧ ಮಾತ್ರ ನಿಜ. ಉದ್ದೇಶವನ್ನೇ ಕರ್ಮ ಎಂದವನು ಅವನೇ, ಹೌದು. ಆದರೆ ಗೃಹಸ್ಥರು ಮಾಡಬಾರದ 5 ವ್ಯಾಪಾರಗಳನ್ನೂ ಅವನೇ ಹೆಸರಿಸಿದ್ದಾನೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಮಹಾಭಾರತದ ಧರ್ಮವ್ಯಾಧನೋ ಮಿಥಿಲೆಯ ಮಾಂಸದಂಗಡಿಯಲ್ಲಿ ಇದ್ದುಕೊಂಡೇ ಕೌಶಿಕನೆಂಬ ಬ್ರಾಹ್ಮಣನಿಗೆ ಧರ್ಮ ಹೇಳುತ್ತಾನೆ, ಕುಲಕಸುಬು ಬಿಡುವುದಿಲ್ಲ. ಇವೆರಡೂ ಒಂದೇ ಹೇಗಾಗುತ್ತವೆ?

ನಮ್ಮ ಶಿಡ್ಲಘಟ್ಟದಲ್ಲಿ ಇದು ಸುಮ್ನೆ ಪುಸ್ತಕದ ಚರ್ಚೆ ಅಲ್ಲ. ರೇಷ್ಮೆ ನೂಲು ತೆಗೆಯೋಕೆ ಗೂಡನ್ನು ಕುದಿಯುವ ನೀರಿಗೆ ಹಾಕುತ್ತಾರೆ. ಕೊಲ್ಲಬೇಕು ಅಂತ ಯಾರೂ ಹಾಕುವುದಿಲ್ಲ, ಆದರೆ ಒಳಗಿನ ಹುಳ ಉಳಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಬೌದ್ಧ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ ಇದೇ ಪ್ರಸಂಗ ಬರುತ್ತದೆ. ಕೆಲವು ಭಿಕ್ಷುಗಳು ಹಾಸಿಗೆಗೆ ರೇಷ್ಮೆ ಕೇಳಿದಾಗ ಆ ಕಸುಬಿನವರೇ ಬೇಸರ ಪಡುತ್ತಾರೆ: ಹೆಂಡತಿ ಮಕ್ಕಳ ಹೊಟ್ಟೆಪಾಡಿಗೆ ನಾವು ಇಷ್ಟೊಂದು ಜೀವ ತೆಗೆಯುತ್ತಿದ್ದೇವೆ, ಇವರೂ ಹೀಗೆ ಮಾಡಿಸುವುದೇ ಅಂತ. ಬುದ್ಧ ಆಗ ನಿಯಮ ಹಾಕಿದ್ದು ಭಿಕ್ಷುಗಳಿಗೆ, ದುಡಿಯುವವರಿಗಲ್ಲ. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ಕೊಳ್ಳುವವನ ಕರ್ಮದ ಬಗ್ಗೆಯೂ ನೀವು ಬರೆಯಬೇಕಿತ್ತು, ಅಲ್ವಾ?