ಓರೆಯಾಗುವುದೇ ಇದರ ಮಜಾ
ಇಂಗ್ಲೆಂಡಿನ ಗೇಟ್ಸ್‌ಹೆಡ್ ಮಿಲೇನಿಯಂ ಸೇತುವೆಯ ಅಂದದ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಅದು ಓರೆಯಾಗುವ ವಿಷಯಕ್ಕೆ ಒಂದೇ ಸಾಲು ಸಾಕಾ? ಮಜಾ ಇರುವುದೇ ಅಲ್ಲಿ! ಟೈನ್ ನದಿಯಲ್ಲಿ ಹಡಗು ಬಂದರೆ ಕಮಾನು, ನಡೆಯುವ ದಾರಿ ಎರಡೂ ಒಟ್ಟಿಗೆ 40 ಡಿಗ್ರಿ ತಿರುಗುತ್ತವೆ. ಕಮಾನು ಬಾಗಿದಂತೆ ದಾರಿ ಮೇಲೇಳುತ್ತದೆ, ತಕ್ಕಡಿಯ ಹಾಗೆ. ದೂರದಿಂದ ನೋಡಿದರೆ ಥೇಟ್ ಕಣ್ಣು ಮಿಟುಕಿಸಿದಂತೆ. ನನಗೆ ಜಾಸ್ತಿ ಇಷ್ಟವಾಗಿದ್ದು ಕಸದ ಕಥೆ. ಯಾರೋ ಬಿಸಾಡಿದ ಡಬ್ಬಿ, ಬಾಟಲಿ ಎಲ್ಲ ಸೇತುವೆ ಓರೆಯಾದಾಗ ತಾವೇ ಉರುಳಿ ತುದಿಯಲ್ಲಿರುವ ಕಸದ ಗೂಡಿಗೆ ಬೀಳುತ್ತವೆ. ಗುಡಿಸುವವರಿಗೆ ಅಷ್ಟು ಕೆಲಸ ಕಮ್ಮಿ, ಅಲ್ವಾ? ವಾಸ್ತುಶಿಲ್ಪಕ್ಕೆ ಕೊಡುವ ಸ್ಟರ್ಲಿಂಗ್ ಪ್ರಶಸ್ತಿ 2002ರಲ್ಲಿ ಇದಕ್ಕೆ ಸುಮ್ನೆ ಬಂದಿಲ್ಲ. ಹಾಂ, ಇನ್ನೊಂದು: 2000ದ ನವೆಂಬರ್‌ನಲ್ಲಿ ಇಡೀ ಸೇತುವೆಯನ್ನು ತೇಲುವ ಕ್ರೇನ್ ಒಂದೇ ತುಂಡಾಗಿ ಹೊತ್ತು ತಂದು ಕೂರಿಸಿತ್ತು.