ಅಡಿಕೆ ಆಮದಿನ ಲೆಕ್ಕ: ಕೋಟಿ ಬಿಡಿ, ಕೆ.ಜಿ. ನೋಡಿ

ಧಾರಣೆ ಹತ್ತು ರೂಪಾಯಿ ಇಳಿದರೆ ಸಾಕು, ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ವಾಟ್ಸಾಪ್ ಗುಂಪುಗಳಲ್ಲೆಲ್ಲ ಒಂದೇ ಮಾತು. ವಿದೇಶಿ ಅಡಿಕೆ ಬಂತು! ಜತೆಗೆ ಒಂದು ಅಂಕಿಯೂ ಬರುತ್ತದೆ, ಇಷ್ಟು ನೂರು ಕೋಟಿ ರೂಪಾಯಿಯ ಆಮದು ಅಂತ. ಅದು ಯಾವ ವರ್ಷದ್ದು, ಎಲ್ಲಿಂದ ತೆಗೆದದ್ದು, ಕೇಳುವವರಿಲ್ಲ. ಮರುದಿನ ಇನ್ನೊಬ್ಬರು ಆಮದು ಕಡಿಮೆಯಾಗಿದೆ ಅನ್ನುವ ಸರಕಾರದ ಉತ್ತರ ಹಾಕುತ್ತಾರೆ. ಆಮೇಲೆ ಅದು ಪಕ್ಷದ ಜಗಳ. ಎರಡೂ ಒಂದೇ ಅಂಕಿಅಂಶದ ಟೇಬಲಿನಿಂದ ಬಂದಿರಬಹುದು, ಎರಡೂ ಸರಿಯೇ ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ.

ನನ್ನ ಮಾತು ಇಷ್ಟೇ. ಆಮದು ರಫ್ತಿನ ಲೆಕ್ಕ ನೋಡುವಾಗ ರೂಪಾಯಿಯ ಮೊತ್ತವನ್ನು ಕೊನೆಗೆ ನೋಡಿ. ಮೊದಲು ಕೆ.ಜಿ. ನೋಡಿ, ಕೋಡ್ ನೋಡಿ, ದೇಶ ನೋಡಿ. ರೂಪಾಯಿ ಅನ್ನುವುದು ಆಮದುದಾರ ಕಾಗದದಲ್ಲಿ ಬರೆದುಕೊಟ್ಟ ಬೆಲೆ. ಅಡಿಕೆಯ ವಿಷಯದಲ್ಲಂತೂ ಆ ಬೆಲೆಯನ್ನು ಹಾಗೇ ನಂಬಲಿಕ್ಕೆ ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಇದೆಲ್ಲ ಗುಟ್ಟಿನ ಮಾಹಿತಿ ಅಲ್ಲ. ಬಂದರಿನಲ್ಲಿ, ಗಡಿಯಲ್ಲಿ ಕಸ್ಟಮ್ಸ್‌ಗೆ ಕೊಡುವ ಪತ್ರಗಳ ಲೆಕ್ಕ ಕೋಲ್ಕತ್ತಾದ ಡಿಜಿಸಿಐಎಸ್ ಅನ್ನುವ ವ್ಯಾಪಾರ ಅಂಕಿಅಂಶದ ಸರಕಾರಿ ಕಚೇರಿಯಲ್ಲಿ ಸೇರುತ್ತದೆ. ವಾಣಿಜ್ಯ ಸಚಿವಾಲಯದ ವೆಬ್‌ಸೈಟಲ್ಲಿ ಅದನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಕೋಡ್ ಹಾಕಬೇಕು, ವರ್ಷ ಆರಿಸಬೇಕು, ಬೆಲೆ ಬೇಕಾ ಪ್ರಮಾಣ ಬೇಕಾ ಅಂತ ಒತ್ತಬೇಕು. ಹೆಚ್ಚಿನವರು ಬೆಲೆ ಒತ್ತಿ ಅಲ್ಲಿಗೇ ನಿಲ್ಲಿಸುತ್ತಾರೆ.

ಕೋಡ್ ಅಂದರೆ ಪ್ರತಿ ಸರಕಿಗೂ ಕೊಟ್ಟ ಗುರುತಿನ ಸಂಖ್ಯೆ, ಎಚ್‌ಎಸ್ ಕೋಡ್. ಮೊದಲ ಆರು ಅಂಕಿ ಪ್ರಪಂಚಕ್ಕೆಲ್ಲ ಒಂದೇ, ಉಳಿದ ಎರಡು ನಮ್ಮ ದೇಶದ್ದು. ಅಡಿಕೆಗೆ 0802 80. ಅದರಲ್ಲಿ ಕೊನೆಗೆ 10 ಇದ್ದರೆ ಇಡೀ ಅಡಿಕೆ, 20 ಇದ್ದರೆ ಹೋಳು, 30 ಇದ್ದರೆ ಪುಡಿ. ಅಡಿಕೆಗೆ ಹೀಗೆ ಬೇರೆ ಸಾಲು ಸಿಕ್ಕಿದ್ದೇ 2012ರಲ್ಲಿ. ಅದಕ್ಕೆ ಮೊದಲು ಅದು 0802 90ರೊಳಗೆ ಇತ್ತು. ಇದು ಗೊತ್ತಿಲ್ಲದೆ 2010ರಿಂದ ಗ್ರಾಫ್ ಎಳೆದರೆ ಮೊದಲು ಸೊನ್ನೆ, ಆಮೇಲೆ ಒಮ್ಮೆಲೇ ಬೆಟ್ಟ. ಅಡಿಕೆ ಎಲ್ಲಿಂದಲೋ ಧುಮುಕಿದ ಹಾಗೆ ಕಾಣುತ್ತದೆ, ನಿಜವಾಗಿ ಬದಲಾದದ್ದು ಪಟ್ಟಿಯ ಸಾಲು ಮಾತ್ರ.

ಈಗ ಬೆಲೆಯ ವಿಷಯಕ್ಕೆ ಬರೋಣ. ಅಡಿಕೆಗೆ ಕನಿಷ್ಠ ಆಮದು ಬೆಲೆ ಅಂತ ಒಂದು ಮಿತಿ ಇದೆ. ಕೆ.ಜಿ.ಗೆ 251 ರೂಪಾಯಿ ಇದ್ದದ್ದು 2023ರ ಫೆಬ್ರವರಿಯಲ್ಲಿ 351 ಆಯಿತು. ಇದಕ್ಕಿಂತ ಕಡಿಮೆ ಬೆಲೆಯ ಅಡಿಕೆಯನ್ನು ತರುವ ಹಾಗಿಲ್ಲ. ಇದರ ಮೇಲೆ ಶೇ. 100ರ ಆಮದು ಸುಂಕ. ಲೆಕ್ಕ ಹಾಕಿ. 351ಕ್ಕೆ ಇನ್ನೊಂದು 351 ಸೇರಿದರೆ 702. ಇಲ್ಲಿ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಕೆ.ಜಿ.ಗೆ 500 ದಾಟಿದರೆ ನಮಗೆ ಹಬ್ಬ. ಹಾಗಿರುವಾಗ 702 ರೂಪಾಯಿ ಬೀಳುವ ಅಡಿಕೆಯನ್ನು ಹಡಗಿನಲ್ಲಿ ತಂದು ಇಲ್ಲಿ ಮಾರುವ ಹುಚ್ಚ ಯಾರು? ಯಾರೂ ಇಲ್ಲ. ಆದರೂ ಟೇಬಲಿನಲ್ಲಿ ಸಾವಿರಾರು ಟನ್ ಕಾಣುತ್ತದೆ.

ಅಂದರೆ ಪೂರ್ತಿ ಸುಂಕ ಕಟ್ಟದೇ ಬರುವ ದಾರಿಗಳಿವೆ ಅಂತಾಯ್ತು. ಮುಖ್ಯವಾದದ್ದು ಶ್ರೀಲಂಕಾ. 2000ದ ಮಾರ್ಚ್‌ನಿಂದ ಜಾರಿಯಲ್ಲಿರುವ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಅಲ್ಲಿಯದೇ ಬೆಳೆಯಾದರೆ ಸುಂಕ ಇಲ್ಲ. ಇನ್ನೊಂದು, ರಫ್ತಿಗಾಗಿಯೇ ಕಚ್ಚಾ ಮಾಲು ತರುವ ಘಟಕಗಳಿಗೆ, ವಿಶೇಷ ಆರ್ಥಿಕ ವಲಯಗಳಿಗೆ ಇರುವ ವಿನಾಯಿತಿ. ಸುಂಕ ಇಲ್ಲದಿದ್ದರೂ ಶ್ರೀಲಂಕಾದ ಅಡಿಕೆಗೆ 351ರ ಮಿತಿ ಇದ್ದೇ ಇದೆ. ಹಾಗಾಗಿ ಟೇಬಲಿನಲ್ಲಿ ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿ ನೋಡಿ. ಉದಾಹರಣೆಗೆ ಸಾವಿರ ಟನ್‌ಗೆ 35 ಕೋಟಿ 10 ಲಕ್ಷ ರೂಪಾಯಿ ಅಂತ ಇದ್ದರೆ ಕೆ.ಜಿ.ಗೆ ಸರಿಯಾಗಿ 351. ಇಡೀ ವರ್ಷದ ಸರಾಸರಿ ಈ ಮಿತಿಗೇ ಅಂಟಿಕೊಂಡು ಕೂತಿದ್ದರೆ ಅದು ಸಂತೆಯ ಬೆಲೆ ಅಲ್ಲ, ನಿಯಮ ನೋಡಿ ಬರೆದ ಬೆಲೆ. ಸಂತೆಯ ಬೆಲೆ ಹಾಗೆ ಒಂದೇ ಕಡೆ ಕೂರುವುದನ್ನು ಅಡಿಕೆ ಮಾರಿದವರು ಯಾರಾದರೂ ಕಂಡಿದ್ದೀರಾ?

ಇಲ್ಲಿ ಒಂದು ತಮಾಷೆ ಇದೆ. ಮಿತಿಯನ್ನು 251ರಿಂದ 351ಕ್ಕೆ ಏರಿಸಿದಾಗ ಅಷ್ಟೇ ಕೆ.ಜಿ. ಅಡಿಕೆ ಬಂದರೂ ಕಾಗದದ ಮೌಲ್ಯ ಸುಮಾರು ಶೇ. 40 ಏರುತ್ತದೆ. ಕೆ.ಜಿ. ಕಡಿಮೆಯಾಗಿಯೂ ಕೋಟಿ ಜಾಸ್ತಿಯಾಗಬಹುದು. ಒಬ್ಬರು ಕೋಟಿ ಹಿಡಿದುಕೊಂಡು ಬೊಬ್ಬೆ ಹೊಡೆಯುತ್ತಾರೆ, ಇನ್ನೊಬ್ಬರು ಟನ್ ಹಿಡಿದುಕೊಂಡು ಬೆನ್ನು ತಟ್ಟಿಕೊಳ್ಳುತ್ತಾರೆ. ಗುಂಪಿನ ಜಗಳ ಶುರುವಾಗುವುದೇ ಇಲ್ಲಿ.

ಶ್ರೀಲಂಕಾದಿಂದ ಬಂದದ್ದೆಲ್ಲ ಶ್ರೀಲಂಕಾದಲ್ಲೇ ಬೆಳೆದದ್ದಾ? ಇಂಡೋನೇಷ್ಯಾದ ಅಡಿಕೆ ಆ ದಾರಿಯಲ್ಲಿ ಬರುತ್ತದೆ ಅನ್ನುವ ಆರೋಪ ಹಳೆಯದು, ಕಂದಾಯ ಗುಪ್ತಚರ ಇಲಾಖೆ ಕೇಸುಗಳನ್ನೂ ಹಿಡಿದಿದೆ. ಇದನ್ನು ನಾವೂ ಮನೆಯಲ್ಲಿ ಕೂತು ಸ್ವಲ್ಪ ಮಟ್ಟಿಗೆ ಪರೀಕ್ಷೆ ಮಾಡಬಹುದು. ಆರು ಅಂಕಿಯ ಕೋಡ್ ಎಲ್ಲ ದೇಶಕ್ಕೂ ಒಂದೇ ಅಂತ ಹೇಳಿದೆನಲ್ಲ, ಅದರ ಉಪಯೋಗ ಇರುವುದೇ ಇಲ್ಲಿ. ವಿಶ್ವಸಂಸ್ಥೆಯ ವ್ಯಾಪಾರ ಅಂಕಿ ಸಂಗ್ರಹವಾದ ಕಾಮ್‌ಟ್ರೇಡ್‌ನಲ್ಲಿ ಶ್ರೀಲಂಕಾ ತಾನು ಭಾರತಕ್ಕೆ ಕಳಿಸಿದ್ದು ಎಷ್ಟು ಅಂತ ಹೇಳಿದೆ ನೋಡಿ, ನಾವು ಶ್ರೀಲಂಕಾದಿಂದ ಬಂತು ಅಂತ ಹೇಳಿದ್ದು ಎಷ್ಟು ನೋಡಿ. ಮೌಲ್ಯ ಹೊಂದುವುದಿಲ್ಲ, ಹೊಂದಲೂಬಾರದು, ಯಾಕೆಂದರೆ ರಫ್ತನ್ನು ಹಡಗು ಹತ್ತುವವರೆಗಿನ ಬೆಲೆಯಲ್ಲಿ ಬರೆಯುತ್ತಾರೆ, ಆಮದಿನಲ್ಲಿ ಹಡಗು ಬಾಡಿಗೆ ಮತ್ತು ವಿಮೆ ಸೇರಿಸಿ ಬರೆಯುತ್ತಾರೆ. ಆದರೆ ಕೆ.ಜಿ.ಗೆ ಬಾಡಿಗೆಯೂ ಇಲ್ಲ, ವಿಮೆಯೂ ಇಲ್ಲ. ಕೊಲಂಬೊದಿಂದ ತೂತುಕುಡಿಗೆ ಬರುವಷ್ಟರಲ್ಲಿ ಅಡಿಕೆ ತೂಕ ಎಷ್ಟು ಬದಲಾದೀತು? ಅಂತರ ದೊಡ್ಡದಿದ್ದರೆ ಕೇಳಬೇಕಾದ ಪ್ರಶ್ನೆ ಇದೆ ಅಂತ ಅರ್ಥ. ಹಾಗೆಂದು ಅದೇ ಕಳ್ಳತನದ ಸಾಕ್ಷಿ ಅಂತ ಹಾರಬೇಡಿ. ನಮ್ಮ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ಗೆ, ಕಾಮ್‌ಟ್ರೇಡ್‌ನ ವಾರ್ಷಿಕ ಲೆಕ್ಕವನ್ನು ಹೆಚ್ಚಿನ ದೇಶಗಳು ಜನವರಿಯಿಂದ ಡಿಸೆಂಬರ್‌ಗೆ ಕೊಡುತ್ತವೆ. ಆ ವ್ಯತ್ಯಾಸ ಕಳೆದು ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಭೂತಾನ್. 2022ರಲ್ಲಿ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ಜೈಗಾಂವ್ ಗಡಿಯಿಂದ ತರಬಹುದು ಅಂತ ಸರಕಾರ ಹೇಳಿದಾಗ ನಮ್ಮಲ್ಲಿ ಎಷ್ಟು ಗಲಾಟೆ ಆಯಿತು ನೆನಪಿದೆಯಲ್ಲ. ಗಲಾಟೆ ಮಾಡಿದ್ದು ತಪ್ಪು ಅನ್ನುವುದಿಲ್ಲ. ಆದರೆ ಅದು ಹಸಿ ಅಡಿಕೆಯ ತೂಕ. ಹಸಿ ಅಡಿಕೆ ಸುಲಿದು ಒಣಗಿದ ಮೇಲೆ ಎಷ್ಟು ಕಡಿಮೆ ಉಳಿಯುತ್ತದೆ ಅಂತ ಕಾಸರಗೋಡಿನ ಕೃಷಿಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇಶದ ಬೆಳೆ ವರ್ಷಕ್ಕೆ 10 ಲಕ್ಷ ಟನ್‌ಗಿಂತ ಜಾಸ್ತಿ. ಅದರ ಎದುರು ಈ ಅಂಕಿ ಇಟ್ಟು ನೋಡಿದವರು ಆ ದಿನಗಳಲ್ಲಿ ನನಗಂತೂ ಸಿಗಲಿಲ್ಲ.

ಅಡಿಕೆ ಬಿಟ್ಟು ಗೋಡಂಬಿಗೆ ಬಂದರೆ ಅಲ್ಲಿ ಮೋಸ ಇನ್ನೊಂದು ಬಗೆ. ನಮ್ಮ ಗುಡ್ಡೆಗಳ ತುಂಬ ಗೇರು ಇದೆ, ಆ ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದು ಊರು ಏನಾಯಿತು ಅಂತ ಮತ್ತೆ ಹೇಳಬೇಕಾಗಿಲ್ಲ. ಹೀಗಾಗಿ ಭಾರತ ಗೋಡಂಬಿ ರಫ್ತು ಮಾಡುತ್ತದೆ ಅಂದರೆ ನಮ್ಮದೇ ಬೀಜ ಅಂದುಕೊಳ್ಳುತ್ತೇವೆ. ಕೋಡ್ 0801 31 ತೆಗೆದು ನೋಡಿ, ಸಿಪ್ಪೆ ಸಮೇತದ ಗೇರುಬೀಜ. ಐವರಿ ಕೋಸ್ಟ್, ಘಾನಾ, ಬೆನಿನ್, ತಾಂಜಾನಿಯಾ ಅಂತ ಆಫ್ರಿಕಾದ ದೇಶಗಳು ಸಾಲಾಗಿ ನಿಂತಿರುತ್ತವೆ. ಅಲ್ಲಿಂದ ಬೀಜ ತಂದು ಕೊಲ್ಲಂ, ಮಂಗಳೂರಿನ ಕಾರ್ಖಾನೆಗಳಲ್ಲಿ ಒಡೆದು, 0801 32 ಅಂದರೆ ತಿರುಳಾಗಿ ಹೊರಗೆ ಕಳಿಸುತ್ತಾರೆ. ಆಮದಿನ ಪಟ್ಟಿಯಲ್ಲಿ ಒಮ್ಮೆ, ರಫ್ತಿನ ಪಟ್ಟಿಯಲ್ಲಿ ಇನ್ನೊಮ್ಮೆ. ಸುಮಾರು ನಾಲ್ಕು ಕೆ.ಜಿ. ಬೀಜಕ್ಕೆ ಒಂದು ಕೆ.ಜಿ. ತಿರುಳು. ಈ ಲೆಕ್ಕ ಇಟ್ಟುಕೊಂಡು ಎರಡೂ ಸಾಲನ್ನು ಹೋಲಿಸಿದರೆ ತಿರುಳಿನಲ್ಲಿ ಎಷ್ಟು ಹೊರಗೆ ಹೋಯಿತು, ಎಷ್ಟು ನಮ್ಮ ಸಿಹಿತಿಂಡಿ ಅಂಗಡಿಗಳಲ್ಲೇ ಖರ್ಚಾಯಿತು ಅಂತ ಅಂದಾಜು ಸಿಗುತ್ತದೆ. ವಿಯೆಟ್ನಾಂ 2006ರಲ್ಲೇ ತಿರುಳಿನ ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿತು, ಅದೂ ಆಫ್ರಿಕಾದಿಂದ ಬೀಜ ತರಿಸುತ್ತದೆ. ರಫ್ತಿನ ಕೋಟಿ ಮಾತ್ರ ನೋಡುವವರಿಗೆ ಇದ್ಯಾವುದೂ ಕಾಣುವುದಿಲ್ಲ.

ಸರಕಾರದ ಅಂಕಿ ಅಂತ ಕಣ್ಣು ಮುಚ್ಚಿ ನಂಬಲೂಬೇಡಿ. 2024ರ ನವೆಂಬರ್‌ನಲ್ಲಿ ದೇಶ 14.8 ಬಿಲಿಯನ್ ಡಾಲರ್‌ನ ಚಿನ್ನ ಆಮದು ಮಾಡಿತು ಅಂತ ಮೊದಲು ಪ್ರಕಟವಾಯಿತು. ದಾಖಲೆಯ ವ್ಯಾಪಾರ ಕೊರತೆ ಅಂತ ಟಿವಿಯಲ್ಲಿ ಚರ್ಚೆಯೋ ಚರ್ಚೆ. ಆಮೇಲೆ ನೋಡಿದರೆ ವಿಶೇಷ ವಲಯದ ಲೆಕ್ಕವನ್ನು ಒಂದು ಕಂಪ್ಯೂಟರ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಎರಡೆರಡು ಸಲ ಎಣಿಕೆಯಾಗಿತ್ತು. ತಿದ್ದಿದ ಅಂಕಿ 9.84 ಬಿಲಿಯನ್. ಸುಮಾರು ಐದು ಬಿಲಿಯನ್ ಡಾಲರ್‌ನ ಚಿನ್ನ ಮಾಯ! ಅದಕ್ಕೇ ಒಂದು ತಿಂಗಳ ಅಂಕಿ ಹಿಡಿದು ನಾನು ಯಾವ ಮಾತನ್ನೂ ಆಡುವುದಿಲ್ಲ.

ಇನ್ನು ಟೇಬಲಿನಲ್ಲಿ ಇಲ್ಲವೇ ಇಲ್ಲದ ಅಡಿಕೆ. ಮ್ಯಾನ್ಮಾರ್‌ನಿಂದ ಮಿಜೋರಾಂನ ಚಂಫಾಯ್ ಕಡೆಗೆ ಕಳ್ಳದಾರಿಯಲ್ಲಿ ಬರುವ ಬರ್ಮಾ ಅಡಿಕೆಯನ್ನು ಅಸ್ಸಾಂ ರೈಫಲ್ಸ್ ಹಿಡಿದ ಸುದ್ದಿ ಆಗಾಗ ಓದುತ್ತೇವೆ. ಹಿಡಿಯದೆ ಹೋದದ್ದು ಯಾವ ಕೋಡಿನಲ್ಲೂ ಇಲ್ಲ. ಆಮದು ಕಡಿಮೆ ಆಗಿದೆ ಅನ್ನುವ ಉತ್ತರ ಬಂದಾಗ ಬಾಗಿಲಲ್ಲಿ ಬಂದದ್ದು ಕಡಿಮೆ ಅಂತಲೇ ಓದಿಕೊಳ್ಳಬೇಕು. ನಮ್ಮದೇ ಅಡಿಕೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರು ಸೇರಿದ್ದೂ ಈ ಲೆಕ್ಕಕ್ಕೆ ಬರುವುದಿಲ್ಲ, ಅದು ದೇಶದೊಳಗಿನ ವ್ಯಾಪಾರ. ಗಡಿಯ ಈಚೆ, ಕೇರಳದಲ್ಲಿ ಇರುವ ನಮಗೆ ಆಗುವ ನಷ್ಟ ಏನೆಂದರೆ, ತಿರುವನಂತಪುರದಲ್ಲಿ ರಬ್ಬರ್, ತೆಂಗು ಅಂದರೆ ಎಲ್ಲರೂ ಕಿವಿ ಕೊಡುತ್ತಾರೆ, ಅಡಿಕೆ ಅವರಿಗೆ ಕರ್ನಾಟಕದ ಬೆಳೆ. ಬೆಂಗಳೂರಿನವರಿಗೆ ನಾವು ಕೇರಳದವರು. 1973ರಲ್ಲಿ ಎರಡೂ ರಾಜ್ಯದ ಬೆಳೆಗಾರರು ಸೇರಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಕಟ್ಟಿದ್ದೇ ದೊಡ್ಡ ವಿಷಯ ಅಂತ ನನಗೆ ಈಗಲೂ ಅನಿಸುತ್ತದೆ.

ಯಾರು ತರಿಸಿದರು ಅಂತ ಹೆಸರು ಹಾಕಿ ಅನ್ನುವವರಿಗೂ ಒಂದು ಮಾತು. ಒಬ್ಬ ಆಮದುದಾರನ ಬೆಲೆ, ಪ್ರಮಾಣದ ವಿವರವನ್ನು ಕಾನೂನು ಅವಕಾಶ ಕೊಡದೆ ಪ್ರಕಟಿಸುವುದು 2022ರಿಂದ ಕಸ್ಟಮ್ಸ್ ಕಾಯ್ದೆಯಲ್ಲಿ ಅಪರಾಧ, ಆರು ತಿಂಗಳವರೆಗೆ ಜೈಲೂ ಆಗಬಹುದು. ಆದ್ದರಿಂದ ಇಡೀ ಕಂಪನಿಗಳ ಪಟ್ಟಿ ಕೊಡುತ್ತೇವೆ, ದುಡ್ಡು ಹಾಕಿ ಅಂತ ಬರುವ ಜಾಹೀರಾತಿಗೆ ಮರುಳಾಗಬೇಡಿ. ನಮಗೆ ಬೇಕಾದದ್ದು ಹೆಸರಲ್ಲ. ಸಹಕಾರಿ ಸಂಘಗಳು ಧಾರಣೆಯ ಬೋರ್ಡಿನ ಪಕ್ಕ ತಿಂಗಳಿಗೊಮ್ಮೆ ಕೋಡ್, ದೇಶ, ಕೆ.ಜಿ., ಕೆ.ಜಿ.ಯ ಸರಾಸರಿ ಬೆಲೆ ಅಂತ ನಾಲ್ಕು ಸಾಲು ಬರೆದು ಹಾಕಿದರೆ ಸಾಕು. ಒಬ್ಬ ಗುಮಾಸ್ತನಿಗೆ ಅರ್ಧ ಗಂಟೆಯ ಕೆಲಸ.

ಕೋಡ್ ಯಾಕೆ ಮೊದಲು ಬರೆಯಬೇಕು ಅಂದರೆ, ಅಡಿಕೆ ಕೋಡ್ ಬದಲಿಸುತ್ತದೆ. 0802ಕ್ಕೆ ಬೇಲಿ ಹಾಕಿದ ಮೇಲೆ ಹುರಿದ ಅಡಿಕೆ ಅಂತ ಹೇಳಿ 2008 19 20ರಲ್ಲಿ ತರುವುದು ಶುರುವಾಯಿತು. ಮದ್ರಾಸ್ ಹೈಕೋರ್ಟ್ ಕೂಡ ಹುರಿದದ್ದು ಆ ಸಾಲಿಗೇ ಸೇರುತ್ತದೆ ಅಂದಿತು. ಅಲ್ಲಿ 351ರ ಮಿತಿ ಇರಲಿಲ್ಲ. ಬರೀ 0802 80 ನೋಡುತ್ತಿದ್ದವರಿಗೆ ಆಮದು ಇಳಿದ ಹಾಗೆ ಕಂಡರೆ ಆಶ್ಚರ್ಯ ಏನು? 2025ರ ಏಪ್ರಿಲ್‌ನಲ್ಲಿ ವಿದೇಶ ವ್ಯಾಪಾರದ ನಿಯಮ ನೋಡುವ ಸರಕಾರಿ ಕಚೇರಿ ಡಿಜಿಎಫ್‌ಟಿ ಹುರಿದ ಅಡಿಕೆಗೂ ಅದೇ 351ರ ಮಿತಿ ಹಾಕಿತು. ಸುಪಾರಿ ಅಂತ ಕರೆಯುವ ಅಡಿಕೆ ಉತ್ಪನ್ನಕ್ಕೆ ಬೇರೆಯೇ ಸಾಲು ಇದೆ, 2106 90 30. ನಾನು ಈಗ ಅದರ ಕೆ.ಜಿ. ನೋಡುತ್ತಿದ್ದೇನೆ.