ಉಗುರಿನ ತೀರ್ಪು

ಹೊಸದಾಗಿ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಹಿಡಿದವನು ಕಡೆದ ಮರದ ಪೆನ್ನು ಮನೆಯವರ ಕೈಗೆ ಸಿಕ್ಕರೆ ಅವರು ಮೊದಲು ಮಾಡುವುದು ಒಂದೇ: ಹಳೇ ಕಾಗದದ ಮೇಲೆ ಗೀಚಿ, "ಅರೆ, ಬರೀತದಲ್ಲ!" ಎಂದು ಬೆರಗಾಗುವುದು. ಬರೆಯುವುದು ರೀಫಿಲ್ಲು. ಅದು ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿ ಪೆನ್ನಿನ ಬಿಡಿಭಾಗಗಳ ಕಿಟ್ಟಿನ ಪೊಟ್ಟಣದಲ್ಲಿ ಬಂದದ್ದು, ಅದರಲ್ಲಿ ನನ್ನ ಪಾಲು ಸೊನ್ನೆ. ನಾನು ಮಾಡಿದ್ದು ಹೊರಗಿನ ಮರದ ಕವಚ ಮಾತ್ರ, ಅದರ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ.

ತಿಳಿದವರ ದಾರಿಯೇ ಬೇರೆ. ಅವರು ಬರೆದು ನೋಡುವುದೇ ಇಲ್ಲ. ವೈದ್ಯರು ಎಕ್ಸ್‌ರೇ ನೋಡುವ ಹಾಗೆ ಪೆನ್ನನ್ನು ಬೆಳಕಿಗೆ ಹಿಡಿದು, ಮರ ಮುಗಿದು ಲೋಹ ಶುರುವಾಗುವ ಕಡೆ ಹೆಬ್ಬೆರಳ ಉಗುರನ್ನು ಮೆಲ್ಲಗೆ ಎಳೆಯುತ್ತಾರೆ. 'ಟಕ್' ಅಂದರೆ ಮುಗಿಯಿತು. ಮರ ದಪ್ಪ ಉಳಿದಿದೆ, ಇಲ್ಲವೇ ಅತಿಯಾಗಿ ಸವೆದಿದೆ.

"ಬುಶಿಂಗ್ ಮಟ್ಟಕ್ಕೆ ಸರಿಯಾಗಿ ಇಳಿಸಿದ್ದೆ" ಎಂದು ವಾದಿಸಿದೆ. ಬುಶಿಂಗ್ ಎಂದರೆ ಮರದ ತುಂಡಿನ ಎರಡೂ ಬದಿಗೆ ಕೂರುವ ಉಕ್ಕಿನ ಬಳೆ. ಪೆನ್ನಿನ ಲೋಹದ ಭಾಗ ಎಷ್ಟು ದಪ್ಪವೋ ಅದೂ ಅಷ್ಟೇ ದಪ್ಪ, ಮರವನ್ನು ಅಲ್ಲಿಯ ತನಕ ಕಡೆದು ನಿಲ್ಲಿಸಬೇಕು.

"ಆಮೇಲೆ ಸ್ಯಾಂಡ್‌ಪೇಪರ್ ಹಿಡಿದೆಯಾ?"

"ಹೂಂ, ಒರಟು 150ನೇ ನಂಬರಿನಿಂದ ನುಣುಪು 600ರವರೆಗೂ."

"ಅದು ಮರ ತಿನ್ನಲಿಲ್ಲವಾ?"

ಇಂಥ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬಷ್ಟು ಬುದ್ಧಿ ನನಗಿದೆ. ಬಿಳಿ ಮರದ ಪೆನ್ನಿನ ಅಂಚಿನಲ್ಲಿದ್ದ ಹೊಗೆ ಬಣ್ಣವನ್ನು ಮಾತ್ರ 'ಡಿಸೈನ್' ಎಂದು ದಾಟಿಸಲು ನೋಡಿದೆ. ಅದು ಉಜ್ಜುವಾಗ ಬುಶಿಂಗ್‌ನಿಂದ ಎದ್ದ ಉಕ್ಕಿನ ಪುಡಿ ಎಂದು ಗೊತ್ತಾಗಲು ಅವರಿಗೆ ಕನ್ನಡಕವೂ ಬೇಕಾಗಲಿಲ್ಲ. ಮರದ ಸುತ್ತ ಬಳೆ ಬಳೆಯಾಗಿ ಮೂಡಿದ್ದ ಸಣ್ಣ ಗೀರುಗಳಿಗೂ ಮದ್ದು ಹೇಳಿದರು: ಒಂದೊಂದು ಕಾಗದ ಬದಲಿಸುವ ಮುಂಚೆ ಲೇತ್ ನಿಲ್ಲಿಸಿ, ಮರದ ಎಳೆಗುಂಟ ಉದ್ದಕ್ಕೆ ಉಜ್ಜಬೇಕಂತೆ. ಮತ್ತೊಂದು ಪೆನ್ನಿನಲ್ಲಿ ಉಗುರು ಒಂದು ಪಕ್ಕಕ್ಕೆ ಮಾತ್ರ 'ಟಕ್' ಅಂದಿತು. ಮರದ ತುಂಡನ್ನು ಪೋಣಿಸಿ ತಿರುಗಿಸುವ ಕಂಬಿಯಾದ ಮ್ಯಾಂಡ್ರೆಲ್‌ನ ನಟ್ಟನ್ನು ಹಲ್ಲು ಕಚ್ಚಿ ಬಿಗಿದರೆ ಕಂಬಿ ಬಾಗುತ್ತದೆ, ಬಾಗಿದ ಕಂಬಿಯ ಮೇಲೆ ದುಂಡಗೆ ಕಡೆಯಲು ಬ್ರಹ್ಮನಿಗೂ ಆಗದು. "ಇನ್ನೊಂದು ಪಕ್ಕ ಸರಿ ಇದೆಯಲ್ಲ" ಎಂದೆ. ಕೇಳಿಸಿಕೊಳ್ಳಲಿಲ್ಲ.

ಮನುಷ್ಯರಾದರೂ ಪೆನ್ನು ಮುಗಿಯುವವರೆಗೆ ಕಾಯುತ್ತಾರೆ, ಮರಕ್ಕೆ ಆ ತಾಳ್ಮೆಯೂ ಇಲ್ಲ. ಓರೆ ಅಂಚಿನ ಸ್ಕ್ಯೂ ಉಳಿಯ ಚೂಪು ತುದಿ ತಿರುಗುವ ಮರಕ್ಕೆ ಒಂದಿಷ್ಟು ತಗುಲಿದರೆ ಸಾಕು, 'ಫಟ್' ಎಂದು ಅರ್ಧ ತುಂಡು ಮೂಲೆ ಸೇರುತ್ತದೆ, ಒಳಗಿನ ಹಿತ್ತಾಳೆ ನಳಿಗೆ ಬೆತ್ತಲೆಯಾಗಿ ಹೊಳೆಯುತ್ತ ನಿಲ್ಲುತ್ತದೆ. ಅದನ್ನು ಕೇಳಿದ ಹಿರಿಯರು ಮರದ ಬಗ್ಗೆ ಮರುಗಲಿಲ್ಲ. "ಮುಖಕ್ಕೆ ಶೀಲ್ಡ್ ಇತ್ತಾ?" ಎಂದರು. ಇತ್ತು. ಇಡೀ ಕಲಿಕೆಯಲ್ಲಿ ನನಗೆ ಪೂರ್ತಿ ಅಂಕ ಸಿಕ್ಕ ಪ್ರಶ್ನೆ ಅದೊಂದೇ.

ಗೋಂದಿನ ಅಭಿಪ್ರಾಯ ಇನ್ನೂ ಖಡಕ್ಕು. 7 ಮಿಲಿಮೀಟರ್ ನಳಿಗೆಗೆ ಸೈಯನೋಅಕ್ರಿಲೇಟ್, ಅಂದರೆ ಸೂಪರ್ ಗ್ಲೂ, ಸವರಿ, ತಿರುವುತ್ತಾ ಮರದ ತೂತಿನೊಳಗೆ ದೂಡಬೇಕು. ನಡುವೆ ಉಸಿರು ಬಿಡಲು ನಿಂತಿರೋ, ನಳಿಗೆ ಅರ್ಧ ಒಳಗೆ ಅರ್ಧ ಹೊರಗೆ ಶಾಶ್ವತ ವಾಸ ಹೂಡುತ್ತದೆ, ಜೊತೆಗೆ ನಿಮ್ಮ ಹೆಬ್ಬೆರಳೂ. ಗಾಳಿಯ ತೇವ, ಚರ್ಮದ ತೇವವೇ ಅದನ್ನು ಗಟ್ಟಿ ಮಾಡುವುದರಿಂದ ಬೆವರಿದ ಬೆರಳೆಂದರೆ ಅದಕ್ಕೆ ಪ್ರಾಣ. ಬಿಡಿಸಿಕೊಳ್ಳಲು ಅಸಿಟೋನ್ ಬೇಕು, ಅದರ ಮುಚ್ಚಳ ತೆಗೆಯಲು ಅಂಟದ ಇನ್ನೊಂದು ಕೈ ಬೇಕು. 1942ರಲ್ಲಿ ಬಂದೂಕಿನಲ್ಲಿ ಗುರಿ ನೋಡುವ ಭಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದ ರಸಾಯನಶಾಸ್ತ್ರಜ್ಞ ಹ್ಯಾರಿ ಕೂವರ್ ಅವರ ತಂಡಕ್ಕೆ ಈ ವಸ್ತು ಎದುರಾದಾಗ, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಎಂದು ಪಕ್ಕಕ್ಕಿಟ್ಟುಬಿಟ್ಟಿದ್ದರು. 1958ರಲ್ಲಿ ಅದೇ ದೋಷವನ್ನು ಗುಣವೆಂದು ಮಾರುಕಟ್ಟೆಗೆ ಬಿಟ್ಟರು. ಆ ಮೊದಲ ಅಭಿಪ್ರಾಯಕ್ಕೆ ನನ್ನ ಹೆಬ್ಬೆರಳಿನ ಸಹಮತವಿದೆ.

ಮನೆಯವರನ್ನು ಹಗುರಾಗಿ ಕಂಡಿದ್ದಕ್ಕೆ ಶಿಕ್ಷೆಯೂ ಆಯಿತು ಅನ್ನಿ. ಪೆನ್ನು ತಿರುಗಿಸಿದಾಗ ಮೊನೆಯನ್ನು ಒಳಹೊರಗೆ ಮಾಡುವ ಯಂತ್ರವನ್ನು ಕೆಳಗಿನ ತುಂಡಿನೊಳಗೆ ಒತ್ತಿ ಕೂರಿಸುತ್ತಾರೆ. ಒಂದು ಕೂದಲೆಳೆ ಹೆಚ್ಚು ಒತ್ತಿದರೂ ಮೊನೆ ಮತ್ತೆ ಪೂರ್ತಿ ಒಳಗೆ ಹೋಗದು, ಹಿಂದಕ್ಕೆ ಎಳೆಯಹೋದರೆ ಮರವೇ ಸೀಳುತ್ತದೆ. ಉಗುರಿನ ಪಂಡಿತರ ಕಣ್ಣಿಗೆ ಬೀಳದ ಈ ಸಂಗತಿಯನ್ನು ಪತ್ತೆ ಹಚ್ಚಿದ್ದು ಬಟ್ಟೆ ಒಗೆಯುವವರು. ಶರ್ಟಿನ ಜೇಬಿನ ತಳದಲ್ಲಿದ್ದ ನೀಲಿ ಕಲೆಯನ್ನು ನನ್ನ ಮುಂದೆ ಹಿಡಿದು ನಿಂತರು, ಮಾತಾಡಲಿಲ್ಲ.

ಪಾಲಿಶ್ ವಿಷಯಕ್ಕೆ ಬಂದರೆ ಪಂಡಿತರಲ್ಲೇ ಎರಡು ಮತ. ಅದೇ ಸೈಯನೋಅಕ್ರಿಲೇಟನ್ನು ತೆಳುವಾಗಿ ಪದರ ಪದರವಾಗಿ ಬಳಿ, ಇಲ್ಲದಿದ್ದರೆ ಕೈಬೆವರಿಗೆ ಹೊಳಪು ನಿಲ್ಲದು ಅಂತ ಒಬ್ಬರು. ಗೋಂದು ಬಳಿದ ಮೇಲೆ ನೀನು ಮುಟ್ಟುವುದು ಮರವನ್ನೋ ಪ್ಲಾಸ್ಟಿಕ್ಕನ್ನೋ, ತಿರುಗುವ ಮರಕ್ಕೆ ಬಟ್ಟೆಯಲ್ಲಿ ಉಜ್ಜುವ ಫ್ರಿಕ್ಷನ್ ಪಾಲಿಶ್ ಸಾಕು ಅಂತ ಇನ್ನೊಬ್ಬರು. ಇಬ್ಬರನ್ನೂ ಎದುರು ಹಾಕಿಕೊಳ್ಳುವ ಧೈರ್ಯವಿಲ್ಲದೆ ಒಂದೇ ಪೆನ್ನಿನ ಮೇಲ್ತುಂಡಿಗೆ ಗೋಂದು, ಕೆಳತುಂಡಿಗೆ ಪಾಲಿಶ್ ಹಾಕಿ ಇಬ್ಬರ ಮುಂದೂ ಇಟ್ಟೆ.

ಇಬ್ಬರ ಉಗುರೂ ಓಡಿದವು. 'ಟಕ್' ಇಲ್ಲ. ನನ್ನ ಎದೆ ಉಬ್ಬುವಷ್ಟರಲ್ಲಿ ಇಬ್ಬರೂ ಒಟ್ಟಿಗೆ ಹೇಳಿದರು: "ಮೇಲಿನ ತುಂಡು ತಲೆಕೆಳಗಾಗಿದೆ."

ನಿಜವೇ. ಕೆಳಗಿನಿಂದ ಏರಿ ಬಂದ ಮರದ ಎಳೆಗಳು ನಡುವಿನ ಲೋಹದ ಪಟ್ಟಿ ದಾಟಿದ ಮೇಲೆ ಎತ್ತಲೋ ಹೋಗಿದ್ದವು. ಮರವನ್ನು ಎರಡಾಗಿ ಕೊಯ್ಯುವ ಮೊದಲು ಗುರುತಿಗೆ ಪೆನ್ಸಿಲ್ ಗೆರೆ ಎಳೆದಿದ್ದೆ, ಹೊರಮೈಗೆ. ಹೊರಮೈಯನ್ನೆಲ್ಲ ಉಳಿ ಹೆರೆದು ಹಾಕಿತ್ತು.

"ಗುರುತನ್ನು ನಳಿಗೆಯ ಒಳಗೆ ಹಾಕಬೇಕು" ಎಂದರು ಗೋಂದಿನವರು.

"ಛೆ, ತುದಿಯ ಮೇಲೆ ಹಾಕಿದರೆ ಸಾಕು" ಎಂದರು ಪಾಲಿಶಿನವರು.

ನಾನು ಪೆನ್ನನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಮೊನೆ ಒಳಗಿದೆಯೇ ಎಂದು ನೋಡಿಕೊಂಡೇ.